ಒಂದೇ ಮಾತ್ರೆ, ಎರಡು ಮೈ

ದೊಡ್ಡಬಳ್ಳಾಪುರದಲ್ಲಿ ಮೆಡಿಕಲ್ ಸ್ಟೋರ್ ಇಟ್ಟವನಿಗೆ ಸೊಂಟನೋವಿನ ಗಿರಾಕಿಗಳಿಗೆ ಬರವಿಲ್ಲ. ದಿನವಿಡೀ ಮಗ್ಗದ ಮುಂದೆ ನಿಲ್ಲುವವರ ಊರಿದು. ಪ್ಯಾರಸಿಟಮಾಲ್‌ಗೆ ಬಗ್ಗದ ನೋವಿಗೆ ಡಾಕ್ಟರು ಟ್ರಮಡಾಲ್ ಬರೆಯುವುದುಂಟು. ಅಫೀಮಿನ ಜಾತಿಗೆ ಸೇರಿದ ಔಷಧ ಅದು. 2018ರಿಂದ ಮಾದಕವಸ್ತು ಕಾಯ್ದೆಯಡಿ ಬಂದಿದೆ, ಚೀಟಿ ಇಲ್ಲದೆ ಕೊಡುವಂತಿಲ್ಲ.

ಹೋದ ವರ್ಷ ಒಂದೇ ಮನೆಯ ಅಕ್ಕ, ತಮ್ಮ ಇಬ್ಬರೂ ಅದನ್ನೇ ಒಯ್ದರು. "ಅಣ್ಣಾ, ಒಂದು ನುಂಗಿದ್ದಕ್ಕೇ ತಲೆ ಗಿರ್ ಅಂತು, ಸಂಜೆವರೆಗೂ ವಾಂತಿ" ಎಂದು ಅಕ್ಕ ಸ್ಟ್ರಿಪ್ ವಾಪಸ್ ತಂದಳು. ತಮ್ಮನದು ಬೇರೆಯೇ ದೂರು: "ನೀರು ಕುಡಿದಂಗಾಯ್ತು, ನೋವು ಹಂಗೇ ಐತೆ." ಬರೆದುಕೊಟ್ಟ ಡಾಕ್ಟರು ಅಕ್ಕನಿಗೆ "ನಿನಗೆ ಹೆದರಿಕೆ ಜಾಸ್ತಿ" ಎಂದರಂತೆ. ಹೆಚ್ಚಿನ ಡೋಸ್ ಕೇಳಿದ ತಮ್ಮನಿಗೆ ಚಟ ಹತ್ತಿರಬೇಕೆಂಬ ಗುಮಾನಿ ಡಾಕ್ಟರಿಗೆ ಬಂತು.

ಇಬ್ಬರಿಗೂ ಜೀನ್ ಪರೀಕ್ಷೆ ಆಗಿಲ್ಲ. ಆದರೆ ಇಬ್ಬರ ಮಾತೂ ನಿಜವಿರಬಹುದು. ಟ್ರಮಡಾಲ್ ಪೂರ್ತಿ ಕೆಲಸ ಮಾಡಬೇಕಾದರೆ ಯಕೃತ್ತಿನಲ್ಲಿರುವ ಸಿವೈಪಿ2ಡಿ6 ಎಂಬ ಕಿಣ್ವ ಅದನ್ನು ಇನ್ನೂ ಬಲವಾದ ರೂಪಕ್ಕೆ ತಿರುಗಿಸಬೇಕು. ಅದೇ ಜಾತಿಯ ಕೋಡೀನ್ ಮಾರ್ಫಿನ್ ಆಗುವುದೂ ಅದೇ ಕಿಣ್ವದಿಂದ. ಕೆಲವರಲ್ಲಿ ಈ ಕಿಣ್ವದ ಜೀನ್ ಸತ್ತಂತಿರುತ್ತದೆ, ಮಾತ್ರೆ ನುಂಗಿದರೂ ನೋವು ಅಷ್ಟಾಗಿ ಇಳಿಯುವುದಿಲ್ಲ. ಕೆಲವರಲ್ಲಿ ಅದರ ಹೆಚ್ಚುವರಿ ಪ್ರತಿಗಳಿದ್ದು ಸಾಮಾನ್ಯ ಡೋಸೇ ವಿಪರೀತವಾಗಿ ಮಂಪರು, ವಾಂತಿ, ಕೊನೆಗೆ ಉಸಿರೇ ನಿಧಾನವಾಗುವ ಅಪಾಯ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಇವೆರಡೂ ಕೂಡದೆಂದದ್ದು, ಹಾಲೂಡಿಸುವ ತಾಯಂದಿರನ್ನು ಎಚ್ಚರಿಸಿದ್ದು ಇದೇ ಕಾರಣಕ್ಕೆ. ಎಲ್ಲವನ್ನೂ ಜೀನ್ ತಲೆಗೆ ಕಟ್ಟಲೂ ಬಾರದು. ವಯಸ್ಸು, ಕಿಡ್ನಿ, ಜೊತೆಗೆ ನುಂಗುವ ಇತರ ಮಾತ್ರೆಗಳ ಪಾಲೂ ಇದೆ. ಮಲಬದ್ಧತೆಯಂತೂ ಈ ಔಷಧಗಳಲ್ಲಿ ಬಹಳ ಮಂದಿಗೆ ಬರುವ ಕಾಟ.

ಜೀನ್ ನೋಡಿ ಔಷಧ ಕೊಡುವುದು ನಮ್ಮ ಕಡೆ ತೀರಾ ಹೊಸತೇನಲ್ಲ. ಆಪರೇಷನ್ನಿಗೆ ಮುಂಚೆ "ನೀವು ಆರ್ಯವೈಶ್ಯರಾ?" ಎಂದು ಅರಿವಳಿಕೆ ವೈದ್ಯರು ಕೇಳುವುದುಂಟು. ಆ ಸಮುದಾಯದ ಕೆಲವರಲ್ಲಿ ಸಕ್ಸಿನೈಲ್‌ಕೋಲಿನ್ ಎಂಬ ಇಂಜೆಕ್ಷನ್ನನ್ನು ಕರಗಿಸುವ ಕಿಣ್ವ ಹುಟ್ಟಿನಿಂದಲೇ ಕಡಿಮೆ. ನಿಮಿಷಗಳಲ್ಲಿ ಇಳಿಯಬೇಕಾದ ಮದ್ದು ಗಂಟೆಗಟ್ಟಲೆ ಉಸಿರು ಕಟ್ಟಿಸಬಹುದು. ಜಾತಿ ಕೇಳುವ ಬದಲು ರಕ್ತಪರೀಕ್ಷೆ ಮಾಡುವುದು ಮೇಲು, ಅದು ಬೇರೆ ಮಾತು. ನೋವಿನ ಮಾತ್ರೆ ಬರೆಯುವಾಗ ಮಾತ್ರ ಇಂಥ ಒಂದು ಪ್ರಶ್ನೆಯೂ ಇಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಸುಮಾರು 10 ಸಾವಿರ ಭಾರತೀಯರ ಜೀನೋಮ್ ಓದಿ, 2025ರ ಜನವರಿಯಲ್ಲಿ ಮಾಹಿತಿಯನ್ನು ಸಂಶೋಧಕರಿಗೆ ತೆರೆದರು. ಒಳ್ಳೆಯದೇ. ಅದರ ಫಲ ನಮ್ಮ ತಾಲೂಕು ಆಸ್ಪತ್ರೆಗೆ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. "ಹಿಂದೆ ಯಾವ ಮಾತ್ರೆ ಒಗ್ಗಲಿಲ್ಲ? ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತೇ?" ಎಂದು ಕೇಳಿ ಚೀಟಿಯ ಮೇಲೆ ಬರೆಯಲು ಖರ್ಚಿಲ್ಲ. ಹಾಗೆಂದು ಹೆದರಿ ಅಫೀಮಿನ ಜಾತಿಯ ಔಷಧಗಳನ್ನೇ ನಿಲ್ಲಿಸಿದರೆ ಕ್ಯಾನ್ಸರ್ ರೋಗಿಗಳು ನರಳುತ್ತಾರೆ. ಒಂದು ಆಗದಿದ್ದರೆ ಇನ್ನೊಂದಿದೆ, ಮಾರ್ಫಿನ್ನಿಗಂತೂ ಸಿವೈಪಿ2ಡಿ6 ಕಿಣ್ವದ ಹಂಗಿಲ್ಲ.

ಮಾತ್ರೆ ಒಗ್ಗದಿದ್ದರೆ ಸ್ಟ್ರಿಪ್ ಬಿಸಾಡಬೇಡಿ, ಹೆಸರು ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ. ಅಡ್ಡಪರಿಣಾಮ ದಾಖಲಿಸಲು ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-180-3024.