ಕೈ ಖಾಲಿ ಇದ್ದರೆ ಸಾಕಾ?

ಸುಳ್ಯದಿಂದ ಆಲೆಟ್ಟಿ ದಾಟಿ ಕೇರಳದ ಬಂದಡ್ಕ ಕಡೆಗೆ ಹೋಗುವ ರಸ್ತೆ ನಮ್ಮಲ್ಲಿ ಅನೇಕರಿಗೆ ಗೊತ್ತು. ರಬ್ಬರ್, ಅಡಿಕೆ ತೋಟಗಳ ನಡುವೆ ಏರು, ಇಳಿತ, ತಿರುವು. ಇಂಥ ತಿರುವಿನಲ್ಲಿ ಎದುರಿನಿಂದ ಬರುವ ಜೀಪು ಕಣ್ಣಿಗೆ ಕಾಣುವ ಮೊದಲು ಕಿವಿಗೆ ಕೇಳಿಸುತ್ತದೆ. ಹಾಗಿರುವಾಗ ಹೆಲ್ಮೆಟ್ ಒಳಗೆ ಇಯರ್‌ಬಡ್ ಸಿಕ್ಕಿಸಿಕೊಂಡು ಮಾತಾಡುತ್ತಾ ಹೋಗುವುದು ಎಷ್ಟು ಸರಿ ಎಂಬುದು ನಮ್ಮ ಪ್ರಶ್ನೆ.

ಫೋನನ್ನು ಕೈಯಲ್ಲಿ ಹಿಡಿದು ಬೈಕ್ ಓಡಿಸುವುದು ತಪ್ಪು ಅಂತ ಎಲ್ಲರೂ ಒಪ್ಪುತ್ತಾರೆ. ಹ್ಯಾಂಡ್ಸ್‌ಫ್ರೀ ವಿಷಯ ಎತ್ತಿದರೆ ಮಾತ್ರ ಉತ್ತರ ರೆಡಿ: "ಅದಕ್ಕೆಂತ ಮಾರಾಯ, ಎರಡೂ ಕೈ ಹ್ಯಾಂಡಲ್ ಮೇಲೆಯೇ ಉಂಟಲ್ಲ!" ಕಾನೂನಿನ ಭಾಷೆಯೂ ಈ ವಾದಕ್ಕೆ ಸ್ವಲ್ಪ ಜಾಗ ಕೊಡುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಅಪಾಯಕಾರಿ ಚಾಲನೆಯ ಪಟ್ಟಿಯಲ್ಲಿ ಹೆಸರಿಸಿರುವುದು ಕೈಯಲ್ಲಿ ಹಿಡಿಯುವ ಸಾಧನವನ್ನು. ಮೊದಲ ಸಲ ಸಿಕ್ಕಿಬಿದ್ದರೆ 1,000ದಿಂದ 5,000 ರೂಪಾಯಿವರೆಗೆ ದಂಡ, ಜೈಲಿಗೂ ಅವಕಾಶ ಉಂಟು. ಆದರೆ ದಂಡ ಬೀಳದ್ದೆಲ್ಲ ಅಪಾಯ ಇಲ್ಲದ್ದು ಅಂತ ಅರ್ಥ ಅಲ್ಲವಲ್ಲ.

ಹ್ಯಾಂಡ್ಸ್‌ಫ್ರೀ ಬಿಡಿಸಿಕೊಡುವುದು ಕೈಯನ್ನು ಮಾತ್ರ. ತಲೆ ಕಾಲ್‌ನಲ್ಲೇ ಇರುತ್ತದೆ. 1997ರಲ್ಲಿ ಕೆನಡಾದ ಟೊರಾಂಟೊದಲ್ಲಿ, ಅಪಘಾತಕ್ಕೆ ಸಿಲುಕಿದ 699 ಚಾಲಕರ ಫೋನ್ ದಾಖಲೆಗಳನ್ನು ಪರಿಶೀಲಿಸಿದರು. ಫೋನ್ ಬಳಸುವಾಗ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಎಂದು ಕಂಡಿತು. ಹ್ಯಾಂಡ್ಸ್‌ಫ್ರೀ ಬಳಸಿದವರಿಗೆ ಹೆಚ್ಚಿನ ರಕ್ಷಣೆ ಏನೂ ಕಾಣಲಿಲ್ಲ. 2001ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸ್ಟ್ರೇಯರ್ ಮತ್ತು ಜಾನ್‌ಸ್ಟನ್ ಪ್ರಯೋಗಾಲಯದಲ್ಲಿ ನೋಡಿದಾಗಲೂ ಅದೇ ಕಥೆ. ಫೋನಿನಲ್ಲಿ ಮಾತಾಡುತ್ತಿದ್ದವರು ಸಿಗ್ನಲ್ ತಪ್ಪಿಸಿಕೊಂಡರು, ಗಮನಿಸಿದಾಗಲೂ ತಡವಾಗಿ ಪ್ರತಿಕ್ರಿಯಿಸಿದರು. ಫೋನ್ ಕೈಯಲ್ಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸುಮ್ಮನೆ ರೇಡಿಯೋ ಕೇಳುತ್ತಿದ್ದವರಿಗೆ ಹಾಗಾಗಲಿಲ್ಲ. ಅಂದರೆ ತೊಂದರೆ ಇರುವುದು ಮಾತುಕತೆಯಲ್ಲಿ.

ನಾವು ಇಂಜಿನಿಯರಿಂಗ್‌ನವರು, ಲೆಕ್ಕ ಹಾಕಿಯೇ ನೋಡೋಣ. ಗಂಟೆಗೆ 40 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಬ್ರೇಕ್ ಹಾಕಬೇಕು ಅಂತ ಹೊಳೆಯಲು ಒಂದು ಸೆಕೆಂಡ್ ಹೆಚ್ಚು ಹಿಡಿಯಿತು ಅಂತಿಟ್ಟುಕೊಳ್ಳಿ. ಬ್ರೇಕ್ ಮುಟ್ಟುವ ಮೊದಲೇ ಇನ್ನೊಂದು 11 ಮೀಟರ್ ಮುಂದೆ ಹೋಗಿರುತ್ತೇವೆ, ಒಂದು ಬಸ್ಸಿನಷ್ಟು ಉದ್ದ. ನೇರ ಹೈವೇಯಲ್ಲಿ ಅದು ಹೇಗೋ ದಕ್ಕಬಹುದು. ಮುಂದಿನ ಇಪ್ಪತ್ತೈದು ಮೀಟರ್ ಮಾತ್ರ ಕಾಣುವ ತಿರುವಿನಲ್ಲಿ, ಮಳೆಗಾಲದಲ್ಲಿ, ಒದ್ದೆ ರಸ್ತೆಯಲ್ಲಿ ದಕ್ಕುವುದಿಲ್ಲ.

"ಹಾಗಾದ್ರೆ ಹಿಂದೆ ಕೂತವನ ಹತ್ರ ಮಾತಾಡಬಹುದಾ?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹಿಂದೆ ಕೂತವನಿಗೂ ಅದೇ ರಸ್ತೆ ಕಾಣುತ್ತದೆ. ಲಾರಿ ಬಂದರೆ ಅವನ ಮಾತು ತಾನಾಗಿ ನಿಲ್ಲುತ್ತದೆ, ಕೆಲವೊಮ್ಮೆ ಅವನೇ "ಏ, ನೋಡು!" ಅಂತ ಕೂಗುತ್ತಾನೆ. ಫೋನಿನ ಆಚೆ ಇರುವವರಿಗೆ ಲಾರಿಯೂ ಕಾಣದು, ತಿರುವೂ ಕಾಣದು. ಅವರ ಪ್ರಶ್ನೆ ಮುಂದುವರಿಯುತ್ತಲೇ ಇರುತ್ತದೆ.

ಹಾಗಾಗಿ ಇದು ಓಡಿಸುವವರ ಜವಾಬ್ದಾರಿ ಮಾತ್ರ ಅಲ್ಲ, ಕಾಲ್ ಮಾಡುವವರದ್ದೂ ಹೌದು. ಹೆಚ್ಚಿನ ಕಾಲ್‌ಗಳು ಬರುವುದು ನಮ್ಮ ಮೇಲೆ ಪ್ರೀತಿ ಇರುವವರಿಂದಲೇ. ಮನೆಯಿಂದ "ಹೊರಟಿದ್ದೀಯಾ?" ಅಂತ, ಗೆಳೆಯರಿಂದ "ಎಲ್ಲಿಗೆ ಮುಟ್ಟಿದಿ ಮಾರಾಯ?" ಅಂತ. ತೆಗೆಯದಿದ್ದರೆ ಅಮ್ಮನಿಗೆ ಗಾಬರಿ, ಗೆಳೆಯರಿಗೆ ಸಿಟ್ಟು. ಇದನ್ನು ನಾವೇ ಬದಲಾಯಿಸಬಹುದು. ಹೊರಡುವ ಮೊದಲು "ಈಗ ಹೊರಟೆ, ಮುಟ್ಟಿದ ಮೇಲೆ ಫೋನ್ ಮಾಡ್ತೇನೆ" ಅಂತ ಒಂದು ಮೆಸೇಜ್ ಹಾಕಿ ಫೋನನ್ನು ಬ್ಯಾಗಿನೊಳಗೆ ಇಡೋಣ. ನಾವು ಕಾಲ್ ಮಾಡಿದಾಗ ಆಚೆ ಕಡೆ ಗಾಳಿಯ ಸದ್ದು, ಹಾರ್ನ್ ಕೇಳಿದರೆ "ಗಾಡಿಯಲ್ಲಿದ್ದೀಯಾ? ಆಮೇಲೆ ಮಾಡು" ಅಂತ ನಾವೇ ಕಟ್ ಮಾಡೋಣ. ನಿಜವಾಗಿಯೂ ಅರ್ಜೆಂಟ್ ಇದ್ದರೆ ರಸ್ತೆ ಬದಿಯಲ್ಲಿ ಒಂದು ಅಂಗಡಿಯೋ ಬಸ್‌ಸ್ಟ್ಯಾಂಡೋ ಸಿಗದೇ ಇರುವುದಿಲ್ಲ.

ಇಂಟರ್ನಲ್ಸ್ ಮಾರ್ಕ್ಸ್ ಬಂದಿರಲಿ, ಪ್ಲೇಸ್‌ಮೆಂಟ್ ಲಿಸ್ಟ್ ಬಂದಿರಲಿ, ಬೈಕ್ ನಿಲ್ಲಿಸುವಷ್ಟರಲ್ಲಿ ಯಾವ ಸುದ್ದಿಯೂ ಹಳಸುವುದಿಲ್ಲ.