ಒಡೆದ ಹಿಮ್ಮಡಿಗೆ ಮುಲಾಮು

ಪುಷ್ಯಮಾಸದ ಒಣಗಾಳಿ ಬೀಸತೊಡಗಿದೊಡನೆ ಅರಸೀಕೆರೆಯ ಸೀಮೆಯಲ್ಲಿ ತುಟಿ ಸೀಳುವುದು, ಹಿಮ್ಮಡಿ ಒಡೆಯುವುದು ಮನೆಮನೆಯ ಮಾತು. ತೆಂಗಿನಕಾಯಿ ಸುಲಿಯುವವರ, ಬೇಲೂರಿನ ಕಡೆ ಕಾಫಿಹಣ್ಣು ಬಿಡಿಸುವವರ ಅಂಗೈಗಳೂ ಇದಕ್ಕೆ ಹೊರತಲ್ಲ. ಆದುದರಿಂದ ಮುಲಾಮಿನ ಡಬ್ಬಿ ಇಲ್ಲದ ಮನೆ ಇಂದು ವಿರಳ. ಅದನ್ನು ಬಳಸುವ ಕ್ರಮವನ್ನು ಅರಿತವರು ಇನ್ನೂ ವಿರಳ.

ಮುಲಾಮು ಚರ್ಮಕ್ಕೆ ನೀರುಣಿಸುವುದಿಲ್ಲ. ಇರುವ ತೇವವು ಆರಿಹೋಗದಂತೆ ತಡೆಯುತ್ತದೆ, ಅಷ್ಟೆ. ಆದಕಾರಣ ಒಣಗಿದ ಪಾದಕ್ಕೆ ಎಷ್ಟು ಬಳಿದರೂ ಫಲ ಅಲ್ಪ. ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ತೊಳೆದು, ಮೃದುವಾಗಿ ಒರೆಸಿ, ಪಸೆಯಿರುವಾಗಲೇ ಹಚ್ಚಿ ಹತ್ತಿಯ ಕಾಲುಚೀಲ ಧರಿಸಬೇಕು. ಬೆರಳುಗಳ ಸಂದಿಗೆ ಮಾತ್ರ ಹಚ್ಚಲಾಗದು. ಅಲ್ಲಿ ತೇವ ನಿಂತರೆ ಬೂಷ್ಟು ಹತ್ತುತ್ತದೆ. ವಿಭೂತಿ ಧರಿಸುವೆಡೆ ಹಣೆ ಬಿರಿಯುವವರಿಗೆ ಮಲಗುವಾಗ ಒಂದು ಹನಿ ಕೊಬ್ಬರಿ ಎಣ್ಣೆಯೇ ಸಾಕು.

ಪೆಟ್ರೋಲಿಯಂ ಜೆಲ್ಲಿಗೆ ಅಮೆರಿಕೆಯ ಚೆಸ್‌ಬ್ರೋ ಎಂಬುವರು ಪೇಟೆಂಟ್ ಪಡೆದದ್ದು 1872ರಲ್ಲಿ; ಕಲಕತ್ತೆಯಲ್ಲಿ ಬೋರೋಲೀನ್ ಹುಟ್ಟಿದ್ದು 1929ರಲ್ಲಿ. ನಮ್ಮ ವೈದ್ಯರ ಶತಧೌತಘೃತವಾದರೋ ಇವೆರಡಕ್ಕಿಂತ ಬಹು ಹಳೆಯದು. ನಾನು ಮಠದಲ್ಲಿ ಓದುತ್ತಿದ್ದಾಗ ಹಿರಿಯ ಪಂಡಿತರೊಬ್ಬರು ತಾಮ್ರದ ಹರಿವಾಣದಲ್ಲಿ ಹಸುವಿನ ತುಪ್ಪವನ್ನು ತಣ್ಣೀರಿನಿಂದ ನೂರು ಬಾರಿ ನಮ್ಮಿಂದ ತೊಳೆಯಿಸುತ್ತಿದ್ದರು. ಎಣಿಕೆ ತಪ್ಪಿತೋ, ಮತ್ತೆ ಒಂದರಿಂದ! ಕೊನೆಗೆ ತುಪ್ಪದ ಜಿಡ್ಡೂ ವಾಸನೆಯೂ ಅಡಗಿ, ಬೆಳ್ಳನೆಯ ತಂಪು ಲೇಪವೊಂದು ಉಳಿಯುತ್ತಿತ್ತು. ಅದರ ಮಹಿಮೆಗಿಂತ ನಮ್ಮ ತೋಳುನೋವೇ ನನಗೆ ಹೆಚ್ಚು ನೆನಪಿದೆ.

ಒಲೆಯ ಬಳಿ ಕೈ ಸುಟ್ಟಾಗ ತಾಯಂದಿರು ಮೊದಲು ಹುಡುಕುವುದು ಇದೇ ಡಬ್ಬಿಯನ್ನು. ಇದು ತಪ್ಪು. ಜಿಡ್ಡು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಕೈ ಹಿಡಿಯಬೇಕು. ಗುಳ್ಳೆ ದೊಡ್ಡದಾದರೆ ವೈದ್ಯರಲ್ಲಿಗೆ ಹೋಗಬೇಕು. ಹಸುಗೂಸಿನ ತೊಡೆಸಂದಿ ಕೆಂಪಾದರೆ ಸತುವಿನ ಆಕ್ಸೈಡ್ ಇರುವ ಮುಲಾಮನ್ನು ತೆಳುವಾಗಿ ಲೇಪಿಸಬಹುದು.

ಇನ್ನೊಂದು ಸಂಗತಿಯನ್ನು ಹೇಳದಿರಲಾರೆ. ನಮ್ಮ ಬಂಧುಗಳೊಬ್ಬರು, ಬಹುಕಾಲದ ಮಧುಮೇಹಿಗಳು, ಒಂದು ಬೇಸಿಗೆಯಲ್ಲಿ ಹಳೇಬೀಡಿನ ದೇವಾಲಯದ ಕಾದ ಕಲ್ಲುಹಾಸಿನ ಮೇಲೆ ನಡುಮಧ್ಯಾಹ್ನ ಬರಿಗಾಲಲ್ಲಿ ನಡೆದರು. ಪಾದದ ಸ್ಪರ್ಶಜ್ಞಾನ ಕುಗ್ಗಿದ್ದರಿಂದ ಸುಟ್ಟದ್ದೇ ಅವರಿಗೆ ತಿಳಿಯಲಿಲ್ಲ. ಮರುದಿನ ಕಂಡ ಗಾಯವನ್ನು ಹಿಮ್ಮಡಿಯ ಒಡಕೆಂದೇ ಬಗೆದು ಹನ್ನೆರಡು ದಿನ ಮುಲಾಮು ಹಚ್ಚಿದರು. ನೋವಿಲ್ಲವೆಂಬುದೇ ಅವರಿಗೆ ಸಮಾಧಾನವಾಗಿತ್ತು. ಜ್ವರ ಬಂದ ಮೇಲೆ ಆಸ್ಪತ್ರೆಗೆ ಹೋದರು, ಕಿರುಬೆರಳೊಂದನ್ನು ತೆಗೆಯಬೇಕಾಯಿತು. ಮಧುಮೇಹಿಗಳ ಕಾಲಿನಲ್ಲಿ ಗಾಯ ಕಂಡ ದಿನವೇ ವೈದ್ಯರಿಗೆ ತೋರಿಸಬೇಕು; ಡಬ್ಬಿ ಅಂದು ಕಪಾಟಿನಲ್ಲೇ ಇರಲಿ. ಬೇಲೂರು, ಹಳೇಬೀಡಿಗೆ ಹೋಗುವವರು ಬೆಳಗಿನ ತಂಪಿನಲ್ಲಿ, ದಪ್ಪ ಕಾಲುಚೀಲ ತೊಟ್ಟು ಹೋಗಲಿ.

ಆ ಹಿರಿಯರ ಮೊಮ್ಮಗಳು ಈಗ ದಿನವೂ ಸಂಜೆ ಕನ್ನಡಿ ಹಿಡಿದು ಅಜ್ಜನ ಅಂಗಾಲನ್ನು ನೋಡುತ್ತಾಳೆ.