ಪ್ರಾರ್ಥನೆ ಇರಲಿ, ಮಾತ್ರೆ ನಿಲ್ಲದಿರಲಿ

ಬಸ್ ನಿಲ್ದಾಣದ ಕಾಂಪೌಂಡ್ ಗೋಡೆ ಮೇಲೆ ಸಿನಿಮಾ ಪೋಸ್ಟರಿನ ಪಕ್ಕದಲ್ಲೇ ಆಗಾಗ ಇನ್ನೊಂದು ಪೋಸ್ಟರ್ ಕಾಣಿಸಿಕೊಳ್ಳುತ್ತೆ. ಕುರುಡರು ಕಾಣುವರು, ಕುಂಟರು ನಡೆಯುವರು, ವೈದ್ಯರು ಕೈಬಿಟ್ಟ ಕಾಯಿಲೆ ವಾಸಿಯಾಗುವುದು. ಮೂರು ದಿನದ ಸ್ವಸ್ಥತಾ ಕೂಟ, ಪ್ರವೇಶ ಉಚಿತ, ಎಲ್ಲರಿಗೂ ಸ್ವಾಗತ. ಬಸ್ಸಿಗೆ ಕಾಯುವ ಕೆಲವರು ಓದಿ ನಕ್ಕು ಸುಮ್ಮನಾಗುತ್ತಾರೆ. ಮನೆಯಲ್ಲಿ ಹಾಸಿಗೆ ಹಿಡಿದವರು ಇರುವವರು ಮಾತ್ರ ನಗೋದಿಲ್ಲ, ತಾರೀಖು ನೋಡಿಕೊಳ್ಳುತ್ತಾರೆ.

ಹೀಗೆ ತಾರೀಖು ನೋಡಿಕೊಂಡು ಹೋದವರ ಗತಿ ಆಮೇಲೆ ಏನಾಗುತ್ತೆ ಅನ್ನೋದೇ ಇಲ್ಲಿನ ಪ್ರಶ್ನೆ.

ಮೊದಲೇ ಒಂದು ಮಾತು ಸ್ಪಷ್ಟವಾಗಲಿ. ರೋಗಕ್ಕೆ ಜಾತಿಯಿಲ್ಲ, ಹರಕೆಗೂ ಇಲ್ಲ. ಹರಿಹರದ ಆರೋಗ್ಯಮಾತೆಯ ಸನ್ನಿಧಿಗೆ, ಬೆಂಗಳೂರು ವಿವೇಕನಗರದ ಬಾಲಯೇಸು ದೇವಾಲಯಕ್ಕೆ, ಡೋರನಹಳ್ಳಿಯ ಸಂತ ಅಂತೋಣಿಯವರಲ್ಲಿಗೆ, ಕಾರ್ಕಳದ ಅತ್ತೂರು ಜಾತ್ರೆಗೆ ಹೋಗಿ ಮೇಣದ ಬತ್ತಿ ಹಚ್ಚುವವರಲ್ಲಿ ಕ್ರೈಸ್ತರಲ್ಲದವರೂ ಬೇಕಾದಷ್ಟು ಮಂದಿ. ದರ್ಗಾದ ತಾಯಿತ, ಗುಡಿಯ ಭಂಡಾರ, ಪಾದ್ರಿಯ ಎಣ್ಣೆ ಮೂರನ್ನೂ ಒಂದೇ ಮನೆಯ ಗೂಡಿನಲ್ಲಿಟ್ಟುಕೊಂಡ ಸಂಸಾರಗಳು ಈ ನಾಡಿನಲ್ಲಿವೆ. ಅದರಲ್ಲಿ ತಪ್ಪು ಹುಡುಕುವುದು ಇಲ್ಲಿನ ಉದ್ದೇಶವಲ್ಲ. ತೊಂದರೆ ಶುರುವಾಗೋದು ಬೇರೆ ಕಡೆ.

ಜಕ್ಕೂರಿನಲ್ಲಿ ಉಳಿದುಹೋದ ಪ್ರಶ್ನೆ

2005ರ ಜನವರಿಯಲ್ಲಿ ಅಮೆರಿಕದ ಬೆನ್ನಿ ಹಿನ್ ಬೆಂಗಳೂರಿಗೆ ಬಂದದ್ದು ಹಲವರಿಗೆ ನೆನಪಿರಬಹುದು. ಜಕ್ಕೂರು ವಿಮಾನ ಮೈದಾನದಲ್ಲಿ ಮೂರು ದಿನ ಕೂಟ ನಡೆಯಿತು. ಜನವೋ ಜನ. ಹೊರಗೆ ವಿರೋಧ, ಬಂದೋಬಸ್ತು, ರಾಜಕೀಯ. ಮತಾಂತರಕ್ಕೆ ಬಂದಿದ್ದಾರೆ ಅಂತ ಒಂದು ಕಡೆ ಕೂಗು, ಧರ್ಮ ಸ್ವಾತಂತ್ರ್ಯ ಇಲ್ಲವೇ ಅಂತ ಇನ್ನೊಂದು ಕಡೆ ಜವಾಬು.

ಈ ಗದ್ದಲದಲ್ಲಿ ಒಂದು ಸಣ್ಣ ಪ್ರಶ್ನೆ ಮುಳುಗಿಹೋಯಿತು. ಗಾಲಿ ಕುರ್ಚಿಯಲ್ಲಿ ಬಂದವರು ಮಾರನೇ ತಿಂಗಳು ಹೇಗಿದ್ದರು? ಮತಾಂತರದ ಜಗಳಕ್ಕೆ ಎರಡು ಪಕ್ಷಗಳಿದ್ದವು. ರೋಗಿಗೆ ಮಾತ್ರ ಪಕ್ಷವೇ ಇರಲಿಲ್ಲ.

ಗ್ಯಾರಂಟಿ ಕಾರ್ಡಿಗೆ ಸೀಲು ಯಾರದು?

ದೇವರೇ ಕಾಪಾಡಪ್ಪಾ ಅಂತ ಬೇಡಿಕೊಳ್ಳೋದು ಒಂದು. ಈ ಸಂಜೆ ಏಳು ಗಂಟೆಗೆ ನಿನ್ನ ಕ್ಯಾನ್ಸರ್ ಹೋಗುತ್ತೆ, ನಂಬು ಅಂತ ವೇದಿಕೆಯಿಂದ ಹೇಳೋದು ಇನ್ನೊಂದು. ಮೊದಲನೆಯದು ಬೇಡಿಕೆ, ಎರಡನೆಯದು ಗ್ಯಾರಂಟಿ.

ಗ್ಯಾರಂಟಿ ಅಂದರೆ ಏನೆಂದು ಅಂಗಡಿಯವರಿಗೆ ಹೇಳಿಕೊಡಬೇಕಾಗಿಲ್ಲ. ಫ್ಯಾನ್ ತಿರುಗದಿದ್ದರೆ ಗಿರಾಕಿ ವಾಪಸು ತಂದು ಕೌಂಟರ್ ಮೇಲಿಡುತ್ತಾನೆ. ಅಂಗಡಿಯವರು ಬದಲಾಯಿಸಿ ಕೊಡಬೇಕು, ಇಲ್ಲಾ ಬೈಸಿಕೊಳ್ಳಬೇಕು. ಸ್ವಸ್ಥತೆಯ ಗ್ಯಾರಂಟಿಯಲ್ಲಿ ಲೆಕ್ಕ ಉಲ್ಟಾ. ವಾಸಿಯಾದರೆ ಪ್ರಾರ್ಥನೆಯ ಮಹಿಮೆ. ವಾಸಿಯಾಗದಿದ್ದರೆ ರೋಗಿಯ ನಂಬಿಕೆ ಸಾಲದು, ಮನೆಯಲ್ಲಿ ಯಾರದೋ ಗುಟ್ಟಿನ ಪಾಪವಿದೆ. ಮಾಲು ಕೆಟ್ಟರೆ ಗಿರಾಕಿಯದೇ ತಪ್ಪು!

ಇದು ಚಿಕ್ಕ ವಿಷಯವಲ್ಲ. ಉಸಿರಿಗೆ ಒದ್ದಾಡುವ ತಾಯಿ ಕಾಯಿಲೆಯ ಮೇಲೆ ತಪ್ಪಿತಸ್ಥಳ ಭಾರವನ್ನೂ ಹೊರಬೇಕಾಗುತ್ತೆ. ಅವಳು ಸತ್ತ ಮೇಲೆ ಆ ಭಾರ ಮಕ್ಕಳ ತಲೆಗೆ ಬರುತ್ತೆ. ಇನ್ನೂ ಒಂದು ಉಪವಾಸ ಮಾಡಿದ್ದರೆ ಅಮ್ಮ ಉಳೀತಿದ್ದಳೇನೋ ಅನ್ನುವ ಕೊರಗು ವರ್ಷಾನುಗಟ್ಟಲೆ ಬಿಡೋದಿಲ್ಲ.

ವೇದಿಕೆ ಮೇಲೆ ನಡೆದವರು

ಹಾಗಾದರೆ ವೇದಿಕೆ ಮೇಲೆ ಊರುಗೋಲು ಬಿಸಾಡಿದವರೆಲ್ಲ ನಾಟಕದವರೇ? ಅಲ್ಲ. ನೋವು ಅನ್ನೋದು ಮನಸ್ಸಿನ ಜೊತೆ ಏರಿಳಿಯುವ ವಸ್ತು. ಸಾವಿರಾರು ಜನ ಹಾಡುವಾಗ, ಮೈ ಜುಮ್ಮೆನ್ನುವಾಗ ಮಂಡಿನೋವು ಗಂಟೆಗಟ್ಟಲೆ ಮರೆತುಹೋಗುತ್ತೆ. ಎಷ್ಟೋ ಕಾಯಿಲೆ ತಾನಾಗಿಯೇ ಇಳಿಯುತ್ತೆ, ಮತ್ತೆ ಏರುತ್ತೆ. ಇಳಿದ ದಿನವೇ ಪ್ರಾರ್ಥನೆಯೂ ಆಗಿದ್ದರೆ ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಗಂಟು ಬೀಳುತ್ತೆ.

ಅಪಾಯ ಇರೋದು ಆ ಗಂಟೆಯಲ್ಲಲ್ಲ, ಮಾರನೆಯ ಬೆಳಿಗ್ಗೆ. ವಾಸಿಯಾಯಿತಲ್ಲ, ಇನ್ನು ಮಾತ್ರೆ ತಗೊಂಡರೆ ನಂಬಿಕೆ ಇಲ್ಲದ ಹಾಗೆ ಅಂತ ನಿಲ್ಲಿಸುತ್ತಾರೆ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಔಷಧ. ಎರಡು ತಿಂಗಳಿಗೇ ಕೆಮ್ಮು ನಿಂತು ಮೈ ತುಂಬಿಕೊಳ್ಳುತ್ತೆ. ಆಗ ಬಿಟ್ಟರೆ ಕ್ರಿಮಿ ಔಷಧಕ್ಕೆ ಜಗ್ಗದ ಹಾಗೆ ಬಲಿತು ವಾಪಸು ಬರಬಹುದು, ಮನೆಯವರಿಗೂ ಅಂಟಬಹುದು. ಮೂರ್ಛೆರೋಗದ ಮಾತ್ರೆ ಏಕಾಏಕಿ ನಿಲ್ಲಿಸಿದರೆ ಒಂದರ ಹಿಂದೊಂದು ಫಿಟ್ಸ್ ಬಂದು ಜೀವಕ್ಕೇ ಕುತ್ತು. ಚಿಕ್ಕಂದಿನಲ್ಲೇ ಸಕ್ಕರೆ ಕಾಯಿಲೆ ಬಂದ ಮಗುವಿಗೆ ಇನ್ಸುಲಿನ್ ತಪ್ಪಿಸಿದರೆ ಕೆಲವೇ ದಿನ ಸಾಕು.

ಈ ಲೆಕ್ಕ ಅಮೆರಿಕದಲ್ಲಿ ಆಗಿದೆ. 1975ರಿಂದ 1995ರವರೆಗೆ ಧಾರ್ಮಿಕ ನಂಬಿಕೆಯಿಂದ ವೈದ್ಯರಿಗೆ ತೋರಿಸದೆ ಸತ್ತ 172 ಮಕ್ಕಳ ಪ್ರಕರಣಗಳನ್ನು ಇಬ್ಬರು ಸಂಶೋಧಕರು ಪರಿಶೀಲಿಸಿ 1998ರಲ್ಲಿ ಮಕ್ಕಳ ವೈದ್ಯರ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರಲ್ಲಿ 140 ಮಕ್ಕಳಿಗಿದ್ದದ್ದು ಚಿಕಿತ್ಸೆ ಕೊಟ್ಟಿದ್ದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಬದುಕುವಂಥ ಕಾಯಿಲೆ. ಆರೆಗಾನ್ ರಾಜ್ಯದಲ್ಲಿ ಒಂದು ಪಂಥದ ಮಕ್ಕಳು ಹೀಗೆ ಸತ್ತ ಮೇಲೆ, ತಂದೆತಾಯಿಗಳಿಗಿದ್ದ 'ನಂಬಿಕೆಯ ಚಿಕಿತ್ಸೆ' ಎಂಬ ಕಾನೂನಿನ ರಕ್ಷಣೆಯನ್ನು 2011ರಲ್ಲಿ ತೆಗೆದುಹಾಕಿದರು.

ಇನ್ನೊಂದು ಪರೀಕ್ಷೆ 2006ರಲ್ಲಿ ಹೊರಬಂತು. ಹೃದಯದ ಬೈಪಾಸ್ ಆಪರೇಷನ್ ಆದ 1802 ರೋಗಿಗಳು. ಬೇರೆಯವರು ತಮಗಾಗಿ ಪ್ರಾರ್ಥಿಸಿದ್ದು ಗೊತ್ತಿಲ್ಲದವರಿಗೂ, ಪ್ರಾರ್ಥನೆಯೇ ಇಲ್ಲದವರಿಗೂ ತೊಡಕು ಹೆಚ್ಚುಕಮ್ಮಿ ಒಂದೇ: ನೂರಕ್ಕೆ 52 ಮತ್ತು 51. ಪ್ರಾರ್ಥನೆ ನಡೀತಿದೆ ಅಂತ ಖಾತ್ರಿ ಗೊತ್ತಿದ್ದವರಿಗೆ 59! ದೇವರನ್ನು ತಕ್ಕಡಿಗೆ ಹಾಕೋದು ಸರಿಯೇ ಅಂತ ಭಕ್ತರು ಕೇಳಬಹುದು. ಕೇಳಲಿ. ಆದರೆ ಗ್ಯಾರಂಟಿ ಕೊಡುವವರು ತಕ್ಕಡಿಗೆ ಹೆದರಬಾರದಲ್ಲ.

ಪ್ರಾರ್ಥಿಸಿದವರೂ ತೀರಿಕೊಂಡರು

ಕರ್ನಾಟಕದ ಕ್ರೈಸ್ತ ಮನೆಗಳಲ್ಲೂ ಹೆಸರಾಗಿದ್ದ ತಮಿಳುನಾಡಿನ ಡಿ.ಜಿ.ಎಸ್. ದಿನಕರನ್ ಲಕ್ಷಾಂತರ ರೋಗಿಗಳಿಗಾಗಿ ಪ್ರಾರ್ಥಿಸಿದವರು. 1986ರಲ್ಲಿ ಅವರು ಮಗಳನ್ನು ರಸ್ತೆ ಅಪಘಾತದಲ್ಲಿ ಕಳೆದುಕೊಂಡರು. 2008ರ ಫೆಬ್ರವರಿಯಲ್ಲಿ ಅವರೂ ಚೆನ್ನೈನ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಮೆರಿಕದ ಓರಲ್ ರಾಬರ್ಟ್ಸ್ ಟೆಂಟ್ ಹಾಕಿ ಕೈಯಿಟ್ಟು ವಾಸಿ ಮಾಡುತ್ತೇನೆಂದು ಹೆಸರಾದವರು; 1981ರಲ್ಲಿ ಅವರೇ ಟಲ್ಸಾ ಊರಿನಲ್ಲಿ ಭಾರೀ ಆಸ್ಪತ್ರೆ ತೆರೆದರು. 1987ರಲ್ಲಿ, ವೈದ್ಯಸೇವೆಯ ನಿಧಿಗೆ 80 ಲಕ್ಷ ಡಾಲರ್ ಕೂಡದಿದ್ದರೆ ದೇವರು ನನ್ನನ್ನು ಕರೆದುಕೊಳ್ಳುತ್ತಾನೆ ಅಂದರು. ಆಸ್ಪತ್ರೆ 1989ರಲ್ಲಿ ಮುಚ್ಚಿತು, ರಾಬರ್ಟ್ಸ್ 2009ರವರೆಗೆ ಬದುಕಿದ್ದರು.

ಇದನ್ನು ಹೇಳಿದ್ದು ಆಡಿಕೊಳ್ಳಲಿಕ್ಕಲ್ಲ. ಹುಟ್ಟಿದವರಿಗೆಲ್ಲ ಸಾವು ಕಟ್ಟಿಟ್ಟದ್ದು. ಆದರೆ ಆಸ್ಪತ್ರೆ ಬೋಧಕರಿಗೆ ಬೇಕು, ಭಕ್ತರಿಗೆ ಬೇಡ ಅನ್ನೋದು ಯಾವ ನ್ಯಾಯ?

ಇಂಗ್ಲೆಂಡಿನ ಡೇವಿಡ್ ವಾಟ್ಸನ್ ಅವರ ಕಥೆ ಬೇರೆ ಥರದ್ದು. ಯಾರ್ಕ್ ಊರಿನಲ್ಲಿ ಹೆಸರು ಮಾಡಿದ ಪಾದ್ರಿ. 1983ರ ಆರಂಭದಲ್ಲಿ ಕರುಳಿನ ಕ್ಯಾನ್ಸರ್ ಗೊತ್ತಾಯಿತು. ಆಪರೇಷನ್ ಆಯಿತು. ಸ್ವಸ್ಥತೆಯ ಪ್ರಾರ್ಥನೆಗೆ ಪ್ರಸಿದ್ಧರಾಗಿದ್ದ ಜಾನ್ ವಿಂಬರ್ ಮತ್ತು ಗೆಳೆಯರು ಅಮೆರಿಕದಿಂದ ವಿಮಾನ ಹತ್ತಿ ಬಂದು ಅವರ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ವಾಟ್ಸನ್ ವಾಸಿಯಾಗುವ ನಿರೀಕ್ಷೆಯನ್ನೂ, ಸಾವಿನ ಭಯವನ್ನೂ, ಕೊನೆಗೆ ಏನು ಬಂದರೂ ದೇವರ ಕೈಯಲ್ಲೇ ಎಂಬ ಸಮಾಧಾನವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟು, 1984ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರಿಗೆ ನಂಬಿಕೆ ಸಾಲದೆ ಹೋಯಿತು ಅಂತ ಹೇಳುವ ಧೈರ್ಯ ಯಾರಿಗಿದೆ? ವಿಂಬರ್‌ಗೂ 1993ರಲ್ಲಿ ಕ್ಯಾನ್ಸರ್ ಬಂತು. ಅವರೂ ವೈದ್ಯರಲ್ಲಿಗೆ ಹೋದರು, ಪ್ರಾರ್ಥನೆಯನ್ನೂ ಬಿಡಲಿಲ್ಲ. 1997ರಲ್ಲಿ, 63ನೇ ವಯಸ್ಸಿಗೆ ತೀರಿಕೊಂಡರು.

ಬೈಬಲ್ಲೇ ಗ್ಯಾರಂಟಿ ಕೊಡೋದಿಲ್ಲ

ಗ್ಯಾರಂಟಿ ಬೋಧಕರಿಗೆ ಬೈಬಲ್ಲಿನೊಳಗೂ ಗಟ್ಟಿ ನೆಲವಿಲ್ಲ. ಯಾಕೋಬನ ಪತ್ರಿಕೆಯಲ್ಲಿ ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿ ಅಂತ ಇರುವುದು ನಿಜ. ಆದರೆ ಪೌಲನು ಮೈಯಲ್ಲಿ ನೆಟ್ಟ ಮುಳ್ಳು ತೆಗೆ ಅಂತ ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ. ತಿಮೊಥೆಯನ ಹೊಟ್ಟೆಯ ತೊಂದರೆಗೆ ಪೌಲ ಹೇಳಿದ್ದು ಸ್ವಲ್ಪ ದ್ರಾಕ್ಷಾರಸ ತಗೋ ಅಂತ. ಲೂಕನ ಕಸುಬೇ ವೈದ್ಯ. ಸಮಾಧಿಯಿಂದ ಎದ್ದು ಬಂದ ಲಾಜರನೂ ಶಾಶ್ವತವಾಗಿ ಈ ಭೂಮಿಯಲ್ಲಿ ಉಳಿಯಲಿಲ್ಲ. ಗೆತ್ಸೆಮನೆ ತೋಟದಲ್ಲಿ ಯೇಸುವೇ ಈ ಸಂಕಟ ತಪ್ಪಲಿ ಅಂತ ಬೇಡಿ, ಆಮೇಲೆ ನಿನ್ನ ಚಿತ್ತದಂತೆ ಆಗಲಿ ಅಂತ ಒಪ್ಪಿಸಿಕೊಟ್ಟ.

ಕಥೋಲಿಕ ಸಭೆ ಇದರಲ್ಲಿ ಬಲು ಜುಗ್ಗ. 1858ರಿಂದ ಫ್ರಾನ್ಸಿನ ಲೂರ್ದಿಗೆ ಕೋಟ್ಯಂತರ ಜನ ಹೋಗಿದ್ದಾರೆ. ಅಲ್ಲಿ ವೈದ್ಯರ ಕಚೇರಿಯೇ ಇದೆ. ಇಷ್ಟು ವರ್ಷದಲ್ಲಿ ಸಭೆ ಪವಾಡವೆಂದು ಒಪ್ಪಿದ್ದು ಎಪ್ಪತ್ತು ಚಿಲ್ಲರೆ ಮಾತ್ರ. 2000ದ ಸೆಪ್ಟೆಂಬರಿನಲ್ಲಿ ವ್ಯಾಟಿಕನ್ ಒಂದು ಸೂಚನೆಯನ್ನೂ ಹೊರಡಿಸಿ, ಸ್ವಸ್ಥತೆಯ ಪ್ರಾರ್ಥನೆಯಲ್ಲಿ ಉನ್ಮಾದ, ನಾಟಕೀಯತೆ ಸಲ್ಲದು ಅಂತ ಕಟ್ಟುನಿಟ್ಟು ಮಾಡಿತು.

ಈ ನಾಡಿನ ಕ್ರೈಸ್ತ ಪರಂಪರೆಯೂ ಆಸ್ಪತ್ರೆಯದ್ದೇ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಆಲದ ಮರದ ಕೆಳಗೆ ಔಷಧ ಹಂಚಲು ಶುರುಮಾಡಿದ್ದು ದೊಡ್ಡ ಆಸ್ಪತ್ರೆಯಾಯಿತು. ಬೆಂಗಳೂರಿನ ಸೇಂಟ್ ಮಾರ್ಥಾಸ್, ಮೈಸೂರಿನ ಹೋಲ್ಡ್ಸ್‌ವರ್ತ್ ಅಂದರೆ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, ಗದಗ-ಬೆಟಗೇರಿಯ ಬಾಸೆಲ್ ಮಿಷನ್ ಆಸ್ಪತ್ರೆ, ಇವುಗಳನ್ನು ಕಟ್ಟಿದವರು ಪ್ರಾರ್ಥನೆ ಮಾಡದವರೇ? ಮಂಡಿಯೂರಿದ ಮೇಲೆ ಎದ್ದು ಗಾಯ ತೊಳೆದರು, ಅಷ್ಟೇ.

ಕಾನೂನು ಎಲ್ಲಿ ನಿಂತಿದೆ?

1954ರ ಕೇಂದ್ರ ಕಾಯಿದೆಯೊಂದಿದೆ: ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆ. ಕ್ಯಾನ್ಸರ್, ಮಧುಮೇಹ, ಕುರುಡು, ಮೂರ್ಛೆರೋಗ, ಕ್ಷಯ ಸೇರಿ 54 ಕಾಯಿಲೆಗಳ ಪಟ್ಟಿ ಅದರಲ್ಲಿದೆ. ತಾಯಿತ, ಮಂತ್ರ, ಕವಚದಂಥ ಪವಾಡ ಶಕ್ತಿಯಿಂದ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಟ್ಟರೆ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸಜೆಯಾಗಬಹುದು. ಪಟ್ಟಿ ಓದಿ ಗೋಡೆ ನೋಡಿದರೆ ಕಾಯಿದೆಗೆ ಕಣ್ಣಿಲ್ಲವೇನೋ ಅನಿಸುತ್ತೆ.

ಕರ್ನಾಟಕದ 2017ರ ಮೌಢ್ಯ ಪ್ರತಿಬಂಧಕ ಕಾಯಿದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಹಾವು, ನಾಯಿ, ಚೇಳು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು ಅಪರಾಧ. ಯಾರಿಗೂ ಕೇಡಾಗದ ಪೂಜೆ ಪ್ರಾರ್ಥನೆಗೆ ಅಡ್ಡಿಯಿಲ್ಲ. 2024ರ ಫೆಬ್ರವರಿಯಲ್ಲಿ ಅಸ್ಸಾಂ ವಿಧಾನಸಭೆ ಮಾಂತ್ರಿಕ ಚಿಕಿತ್ಸೆಯ ವಿರುದ್ಧವೇ ಮಸೂದೆ ಪಾಸು ಮಾಡಿತು. ರೋಗಿಗಾಗಿ ಪ್ರಾರ್ಥಿಸುವುದು ಮಾಟವಲ್ಲ ಅಂತ ಅಲ್ಲಿನ ಕ್ರೈಸ್ತರು ಆಕ್ಷೇಪಿಸಿದರು. ಅವರ ಅಂಜಿಕೆಯೂ ಸುಳ್ಳಲ್ಲ. ಹಾಸಿಗೆ ಪಕ್ಕ ಕೂತು ಕೈಹಿಡಿದು ಪ್ರಾರ್ಥಿಸುವ ಪಾಸ್ಟರನ್ನು ಠಾಣೆಗೆ ಕರೆದೊಯ್ಯುವ ಕಾನೂನು ರೋಗಿಗೆ ಏನೂ ಒಳ್ಳೇದು ಮಾಡೋದಿಲ್ಲ. ಹಿಡಿಯಬೇಕಾದ್ದು ಎರಡನ್ನೇ: ವಾಸಿಯ ಗ್ಯಾರಂಟಿಯ ಜಾಹೀರಾತು, ಔಷಧ ಬಿಡಿಸುವ ಮಾತು. ಅದು ಯಾವ ಧರ್ಮದವರ ಬಾಯಿಂದ ಬಂದರೂ ಅಷ್ಟೇ.

ಸಾವಿನ ಮಾತು ಆಡುವವರು ಯಾರು?

ಇಷ್ಟು ಹೇಳಿದ ಮೇಲೂ ಒಂದು ಮಾತು ಉಳಿಯುತ್ತೆ. ಜನ ಕೂಟಕ್ಕೆ ಹೋಗುವುದು ಬರೀ ಅಜ್ಞಾನದಿಂದಲ್ಲ. ದೊಡ್ಡಾಸ್ಪತ್ರೆಯಲ್ಲಿ ಇನ್ನು ನಮ್ಮ ಕೈಲಿ ಏನೂ ಇಲ್ಲ, ಮನೆಗೆ ಕರಕೊಂಡು ಹೋಗಿ ಅಂತ ಒಂದು ಚೀಟಿ ಕೊಟ್ಟು ಕಳಿಸುತ್ತಾರೆ. ಆ ಚೀಟಿ ಹಿಡಿದವರ ತಲೆ ಮೇಲೆ ಕೈಯಿಟ್ಟು ಹೆಸರು ಕೇಳುವವರು ಆ ವಾರದಲ್ಲಿ ಪಾಸ್ಟರ್ ಒಬ್ಬರೇ ಇರಬಹುದು.

ವಾಸಿ ಮಾಡಲಾಗದ ರೋಗಿಗೂ ಮಾಡುವುದು ಬಹಳ ಇದೆ. ಇದನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಮೊದಲಿಗರು ಸಿಸಿಲಿ ಸಾಂಡರ್ಸ್, ನರ್ಸಾಗಿದ್ದು ಆಮೇಲೆ ಡಾಕ್ಟರಾದ ಕ್ರೈಸ್ತ ಹೆಂಗಸು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆಶ್ರಯ ತೆರೆದರು. ನೋವಿಗೆ ಹೊತ್ತುಹೊತ್ತಿಗೆ ಮಾರ್ಫಿನ್, ಮನಸ್ಸಿಗೆ ಮಾತು, ಬೇಕಾದವರಿಗೆ ಪ್ರಾರ್ಥನೆ. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆಗಾಲದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತಗೊಳ್ಳದೆ ನೋಡಿಕೊಳ್ಳುತ್ತಾರೆ. 2014ರಲ್ಲಿ ಮಾದಕ ವಸ್ತು ಕಾಯಿದೆಗೆ ತಿದ್ದುಪಡಿಯಾಗಿ ಮಾರ್ಫಿನ್ ಸಿಗುವುದು ಸಲೀಸಾಗಬೇಕಿತ್ತು. ಆದರೂ ಸಣ್ಣ ಊರುಗಳಲ್ಲಿ ಅದಕ್ಕೆ ಪರದಾಟ ತಪ್ಪಿಲ್ಲ. ಗೌರವದಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿಯಿತು. ಅದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಮಾಡಿತು. ಕಾಗದ ಬಂದಿದೆ, ಜಿಲ್ಲಾ ಆಸ್ಪತ್ರೆಯಲ್ಲಿ ಕೂತು ವಿವರಿಸುವವರು ಬೇಕು.

ಗ್ಯಾರಂಟಿಯ ಕೊನೆಯ ಪೆಟ್ಟು ಬೀಳುವುದು ಇಲ್ಲೇ. ಕೊನೆಯ ಕ್ಷಣದವರೆಗೂ ವಾಸಿಯಾಗುತ್ತೆ ಅನ್ನುವ ಮನೆಯಲ್ಲಿ ಸಾವಿನ ಮಾತೇ ನಿಷಿದ್ಧ. ಆಡಿದರೆ ಅಪನಂಬಿಕೆ. ಹಾಗಾಗಿ ಅಂಗಡಿಯ ಸಾಲ ಯಾರಿಗೆ ಎಷ್ಟು, ಚಿಕ್ಕ ಮಗಳ ಮದುವೆ ಹೇಗೆ, ಅಣ್ಣನ ಜೊತೆ ಹತ್ತು ವರ್ಷದ ಮುನಿಸು ಏನು ಮಾಡೋದು, ಯಾವುದೂ ಇತ್ಯರ್ಥವಾಗದೆ ಮನುಷ್ಯ ಹೊರಟುಹೋಗುತ್ತಾನೆ. ಹೋಗಿ ಬರ್ತೀನಿ ಅಂತ ಹೇಳುವ ಅವಕಾಶವೂ ಇರೋದಿಲ್ಲ.

ಪಾಸ್ಟರುಗಳಿಗೆ ಇದು ಕಷ್ಟದ ಕೆಲಸವೇನಲ್ಲ. ಕೂಟದ ಕೊನೆಗೆ ಮೈಕಿನಲ್ಲಿ ಎರಡೇ ಮಾತು ಸಾಕು: ಡಾಕ್ಟರು ಹೇಳುವವರೆಗೆ ಯಾರೂ ಮಾತ್ರೆ ನಿಲ್ಲಿಸಬೇಡಿ, ವಾಸಿಯಾಗದಿದ್ದರೆ ಅದು ನಿಮ್ಮ ತಪ್ಪಲ್ಲ. ಇಷ್ಟನ್ನು ಹೇಳುವ ಪಾಸ್ಟರುಗಳು ಈಗಲೂ ಇದ್ದಾರೆ, ಅವರ ಸಭೆ ಖಾಲಿಯಾಗಿಲ್ಲ. ಹೇಳದವರನ್ನು ಅವರ ಭಕ್ತರೇ ಕೇಳಬೇಕು. ಮುಂದಿನ ಪೋಸ್ಟರ್ ಅಂಟುವಾಗ ತಾರೀಖಿನ ಜೊತೆ ಈ ಎರಡು ಸಾಲೂ ಅದರಲ್ಲಿದೆಯೇ ಅಂತ ನೋಡಿಕೊಳ್ಳೋದು ಒಳ್ಳೆಯದು.